ನಮ್ಮ ರಾಜ್ಯದ ಬಂದೀಖಾನೆ ಆಡಳಿತ: ನಡೆದುಬಂದ ದಾರಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಗೋಷ್ಠಿಯಲ್ಲಿ ಬೇರೆಯವರು ಕೃಷಿ, ಬ್ಯಾಂಕು, ಯಕ್ಷಗಾನ, ವೈದ್ಯ ಎಂದೆಲ್ಲ ಚಂದದ ವಿಷಯಗಳನ್ನು ಹೇಳಿದರು. ನನ್ನ ಪಾಲಿಗೆ ಬಂದದ್ದು ಜೈಲು. ನಾನು ಬಂದೀಖಾನೆ ಇಲಾಖೆಯ ಕಚೇರಿ ಸಿಬ್ಬಂದಿಯಾಗಿ ನಿವೃತ್ತನಾದವನು. ಖಾಕಿ ತೊಟ್ಟವನಲ್ಲ, ಬೀಗದ ಕೈ ಹಿಡಿದವನಲ್ಲ. ಕಡತ, ವಾರಂಟು, ರಿಜಿಸ್ಟರು, ಇಷ್ಟೇ ನನ್ನ ಲೋಕ. ಹಾಗಾಗಿ ರೋಚಕ ಕಥೆಗಳನ್ನು ಕಾಯುತ್ತಿರುವವರು ಈಗಲೇ ಚಹಾಕ್ಕೆ ಹೋಗಬಹುದು. ನಾನು ಹೇಳಹೊರಟಿರುವುದು ಈ ವ್ಯವಸ್ಥೆ ಹೇಗೆ ಬೆಳೆಯಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಅದರಿಂದ ನಮ್ಮಂಥ ಊರಿನವರಿಗೆ ಏನಾಯಿತು ಎಂಬುದನ್ನು.

ಒಂದು ತಪ್ಪು ತಿಳಿವಳಿಕೆಯಿಂದ ಶುರುಮಾಡುತ್ತೇನೆ. ಪತ್ರಿಕೆಗಳಲ್ಲಿ 'ಕೇಂದ್ರ ಕಾರಾಗೃಹ' ಎಂದು ಓದುತ್ತೀರಿ. ಮೈಸೂರು ಕೇಂದ್ರ ಕಾರಾಗೃಹ, ಬಳ್ಳಾರಿ ಕೇಂದ್ರ ಕಾರಾಗೃಹ. ಓದು ಬಲ್ಲವರು ಕೂಡ ಇದನ್ನು ಕೇಂದ್ರ ಸರಕಾರದ ಜೈಲು ಎಂದುಕೊಳ್ಳುತ್ತಾರೆ. ದೆಹಲಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 4ನೆಯ ನಮೂದು ಜೈಲುಗಳದ್ದು. ಜೈಲು ಕಟ್ಟುವುದು, ನಡೆಸುವುದು, ಅನ್ನ ಹಾಕುವುದು, ನೌಕರರನ್ನು ನೇಮಿಸುವುದು ಎಲ್ಲವೂ ರಾಜ್ಯದ ಕೆಲಸ. ಹಾಗಾದರೆ 'ಕೇಂದ್ರ' ಎಂಬ ಮಾತು ಎಲ್ಲಿಂದ ಬಂತು? ಅದಕ್ಕೆ 1838ರವರೆಗೆ ಹಿಂದೆ ಹೋಗಬೇಕು. ಅದಕ್ಕೂ ಮೊದಲು ನಮ್ಮ ವಿಟ್ಲದ ಪೇಟೆಯಲ್ಲೇ ಒಂದು ಘಳಿಗೆ ನಿಲ್ಲಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಕನ್ನಡ ಜಿಲ್ಲೆ ಕುಂಪಣಿಯ ಕೈಗೆ ಬಂತು. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ವಿಟ್ಲದ ಡೊಂಬ ಹೆಗ್ಗಡೆ ಅರಸರು ಕುಂಪಣಿಯ ವಿರುದ್ಧ ಎದ್ದರು, ಸೋತರು, 1800ರಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಇದು ನಮ್ಮ ಹಿರಿಯರ ಬಾಯಲ್ಲಿ ಕೇಳಿದ ಕಥೆಯೂ ಹೌದು, ಇತಿಹಾಸವೂ ಹೌದು. ನಾನು ಇದನ್ನು ಎತ್ತಿದ್ದು ಬೇರೆ ಕಾರಣಕ್ಕೆ. ಆ ಕಾಲದಲ್ಲಿ ಶಿಕ್ಷೆ ಎಂದರೆ ದಂಡ, ಗಡೀಪಾರು, ಅಂಗಚ್ಛೇದ, ಗಲ್ಲು. ಮನುಷ್ಯನನ್ನು ಐದು ವರ್ಷ, ಏಳು ವರ್ಷ ಎಂದು ಎಣಿಸಿ ಒಂದು ಕೋಣೆಯಲ್ಲಿ ಕೂಡಿಹಾಕುವುದೇ ಶಿಕ್ಷೆ ಎಂಬ ಯೋಚನೆ ನಮ್ಮ ಅರಸರಿಗೆ ಅಷ್ಟಾಗಿ ಇರಲಿಲ್ಲ. ಕೋಟೆಗಳಲ್ಲಿ ಸೆರೆಯಿಡುತ್ತಿದ್ದರು ನಿಜ. ಅದು ಮುಂದೇನು ಮಾಡುವುದೆಂದು ತೀರ್ಮಾನವಾಗುವ ತನಕ ಮಾತ್ರ. ವರ್ಷ ಎಣಿಸುವ ಜೈಲು ಕುಂಪಣಿಯ ಕಚೇರಿಯ ಜೊತೆಗೇ ಬಂದದ್ದು. ಕಂದಾಯದ ಕಚೇರಿ, ಖಜಾನೆ, ಕೋರ್ಟು, ಜೈಲು ಈ ನಾಲ್ಕೂ ಒಂದೇ ಅಂಗಳದಲ್ಲಿ ಹುಟ್ಟಿದವು. 1837ರಲ್ಲಿ ಅಮರ ಸುಳ್ಯದಿಂದ ಹೊರಟ ರೈತರು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ನುಗ್ಗಿದಾಗ ಕಚೇರಿಗೆ ಬೆಂಕಿ ಕೊಟ್ಟು ಜೈಲಿನ ಬಾಗಿಲನ್ನೂ ತೆರೆದುಬಿಟ್ಟರು. ಅವರ ಕಣ್ಣಿಗೆ ಇವೆಲ್ಲ ಒಂದೇ ಆಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕೊನೆಗೆ ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಅದೇ ಹೊತ್ತಿಗೆ ಕಲ್ಕತ್ತೆಯಲ್ಲಿ ಮೆಕಾಲೆ ಕುಳಿತಿದ್ದ. ಇಂಗ್ಲಿಷ್ ಶಿಕ್ಷಣದ ಮೆಕಾಲೆ ಎಂದು ಪಾಠದಲ್ಲಿ ಓದಿದ್ದೀರಲ್ಲ, ಅವನೇ. 1835ರಲ್ಲಿ ಅವನು ಜೈಲುಗಳ ಸ್ಥಿತಿ ನೋಡಲು ಒಂದು ಸಮಿತಿ ಬೇಕೆಂದು ಬರೆದ. ಆ ಸಮಿತಿ 1838ರಲ್ಲಿ ವರದಿ ಕೊಟ್ಟಿತು. ಕೈದಿಗಳನ್ನು ಸರಪಳಿ ಹಾಕಿ ರಸ್ತೆ ಕೆಲಸಕ್ಕೆ ಕಳಿಸುವುದು ನಿಲ್ಲಬೇಕು, ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯವರನ್ನೆಲ್ಲ ಒಂದೆಡೆ ಸೇರಿಸಿ ಇಡಲು ದೊಡ್ಡ ಜೈಲುಗಳನ್ನು ಕಟ್ಟಬೇಕು, ಅವುಗಳ ಮೇಲೆ ಇನ್‌ಸ್ಪೆಕ್ಟರ್ ಜನರಲ್ ಎಂಬ ಅಧಿಕಾರಿ ಇರಬೇಕು ಎಂದು ಹೇಳಿತು. ಅನೇಕ ಜಿಲ್ಲೆಗಳ ದೀರ್ಘ ಶಿಕ್ಷೆಯ ಕೈದಿಗಳಿಗೆ ನಡುಮಧ್ಯದ ಜಾಗ, ಅದೇ ಸೆಂಟ್ರಲ್ ಜೈಲು. ಉಳಿದಂತೆ ಜಿಲ್ಲಾ ಜೈಲು, ತಾಲೂಕಿನ ಸಬ್‌ಜೈಲು. ಈ ಮೂರು ಮೆಟ್ಟಿಲು ಇಂದಿಗೂ ಉಂಟು. ಆ ಸಮಿತಿ ಕರುಣೆಯಿಂದ ಹೊರಟದ್ದೇನೂ ಅಲ್ಲ. ಕೈದಿಗೆ ಓದು, ನೀತಿಪಾಠ ಎಂಬ ಮಾತುಗಳನ್ನು ಅದು ತಳ್ಳಿಹಾಕಿತು. ಜೈಲು ಕಠಿಣವಾಗಿರಬೇಕು, ಬೇಸರ ಹುಟ್ಟಿಸುವಂತಿರಬೇಕು ಎಂಬುದು ಅದರ ಮತ. ಕಟ್ಟಡದ ನಕ್ಷೆಯ ಜೊತೆಗೆ ಆ ಮನಸ್ಸೂ ನಮಗೆ ಬಳುವಳಿಯಾಗಿ ಬಂತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆಮೇಲೆ 1864, 1877, 1889 ಎಂದು ಸಮಿತಿಗಳ ಮೇಲೆ ಸಮಿತಿ ಬಂದು, 1894ರಲ್ಲಿ ಬಂದೀಖಾನೆಗಳ ಕಾಯಿದೆ ಆಯಿತು. ಈ ಕಾಯಿದೆಯನ್ನು ನಾನು ಓದಿದಷ್ಟು ಸಲ ಬೇರೆ ಯಾವ ಪುಸ್ತಕವನ್ನೂ ಓದಿಲ್ಲ. ಬಹಳ ಚೊಕ್ಕ ಕಾಯಿದೆ. ಪ್ರತಿ ಜೈಲಿಗೆ ಒಬ್ಬ ಸೂಪರಿಂಟೆಂಡೆಂಟ್, ಒಬ್ಬ ವೈದ್ಯಾಧಿಕಾರಿ, ಒಬ್ಬ ಜೈಲರ್. ಜೈಲರ್ ಆದವನು ಜೈಲಿನಲ್ಲೇ ವಾಸ ಮಾಡಬೇಕು. ಯಾವ ನೌಕರನೂ ಕೈದಿಯ ಜೊತೆ ವ್ಯವಹಾರ ಇಟ್ಟುಕೊಳ್ಳಬಾರದು, ಜೈಲಿಗೆ ಸಾಮಾನು ಒದಗಿಸುವ ಗುತ್ತಿಗೆಯಲ್ಲಿ ಪಾಲು ಹೊಂದಬಾರದು. ಹೆಂಗಸರು ಬೇರೆ, ಗಂಡಸರು ಬೇರೆ. 21 ವರ್ಷದೊಳಗಿನ ಹುಡುಗರು ಬೇರೆ. ವಿಚಾರಣೆ ಮುಗಿಯದವರು ಬೇರೆ, ಶಿಕ್ಷೆಯಾದವರು ಬೇರೆ. ಇದೆಲ್ಲ ಕೇಳಲು ಎಷ್ಟು ಚಂದ! ಅದೇ ಕಾಯಿದೆಯಲ್ಲಿ ಶಿಸ್ತು ಮೀರಿದ ಕೈದಿಗೆ 30 ಏಟಿನ ತನಕ ಚಾಟಿ, ಬಟ್ಟೆಯ ಬದಲು ಗೋಣಿಪಾಟು, ಕಾಲಿಗೆ ಬೇಡಿ, ದಂಡನೆಯ ಊಟ ಎಂದೂ ಬರೆದಿತ್ತು. ತಿದ್ದುವುದು ಎಂಬ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಆ ಮಾತನ್ನು ಮೊದಲು ಗಟ್ಟಿಯಾಗಿ ಹೇಳಿದ್ದು 1919-20ರ ಭಾರತೀಯ ಜೈಲುಗಳ ಸಮಿತಿ. ಅಲೆಕ್ಸಾಂಡರ್ ಕಾರ್ಡ್ಯೂ ಅದರ ಅಧ್ಯಕ್ಷ. ವರದಿ ಬರುವ ಹೊತ್ತಿಗೆ ದೇಶದ ಜೈಲುಗಳು ಸತ್ಯಾಗ್ರಹಿಗಳಿಂದ ತುಂಬತೊಡಗಿದ್ದವು. ತಿದ್ದುವ ಮಾತು ಮೂಲೆಗೆ ಹೋಯಿತು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕದ ಬಂದೀಖಾನೆ ಇಲಾಖೆ ಒಂದು ಬೇರಿನಿಂದ ಬೆಳೆದ ಮರವಲ್ಲ. ಐದು ಕಡೆಯ ಗೆಲ್ಲುಗಳನ್ನು ತಂದು ಕಸಿ ಕಟ್ಟಿದ್ದು. ಬೆಂಗಳೂರು, ಮೈಸೂರಿನ ಜೈಲುಗಳು ಹಳೆ ಮೈಸೂರು ಸಂಸ್ಥಾನದವು. ಬೆಂಗಳೂರಿನ ಸೆಂಟ್ರಲ್ ಜೈಲು ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, 1867ರ ಸುಮಾರಿಗೆ ಆದದ್ದು. ಬೆಳಗಾವಿಯ ಹಿಂಡಲಗಾ, ವಿಜಯಪುರ, ಧಾರವಾಡದ ಬೋರ್ಸ್ಟಲ್ ಶಾಲೆ, ಇವು ಮುಂಬಯಿ ಪ್ರಾಂತದಿಂದ ಬಂದವು. ಕಲಬುರಗಿ ನಿಜಾಮರ ಹೈದರಾಬಾದಿನಿಂದ. ಬಳ್ಳಾರಿ ಮತ್ತು ನಮ್ಮ ಮಂಗಳೂರು ಮದ್ರಾಸಿನಿಂದ. ಮಡಿಕೇರಿ ಕೊಡಗಿನ ಚೀಫ್ ಕಮಿಷನರರ ಆಡಳಿತದಿಂದ. ಪ್ರತಿಯೊಂದಕ್ಕೂ ಅದರದ್ದೇ ಮ್ಯಾನುಯೆಲ್, ಅದರದ್ದೇ ರಿಜಿಸ್ಟರಿನ ನಮೂನೆ, ಅದರದ್ದೇ ಊಟದ ಪಟ್ಟಿ.

ನಮ್ಮ ಜಿಲ್ಲೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮದ್ರಾಸು ಕಾಲದಲ್ಲಿ ವಿಟ್ಲದ ಒಬ್ಬನ ಮೇಲೆ ಕೇಸಾದರೆ ಮೊದಲು ತಾಲೂಕು ಕಚೇರಿಯ ಪಕ್ಕದ ಸಬ್‌ಜೈಲು. ಅದರ ಯಜಮಾನಿಕೆ ಜೈಲು ಇಲಾಖೆಯದ್ದಲ್ಲ, ತಹಶೀಲ್ದಾರರದ್ದು. ಕಂದಾಯ ವಸೂಲಿ ಮಾಡುವವರೇ ಸೆರೆಮನೆಯ ಲೆಕ್ಕವನ್ನೂ ಬರೆಯುತ್ತಿದ್ದರು, ಪೊಲೀಸರು ಕಾವಲು ಕಾಯುತ್ತಿದ್ದರು. ದೊಡ್ಡ ಕೇಸಾದರೆ ಮಂಗಳೂರಿನ ಕೋರ್ಟು, ಕೋಡಿಯಾಲಬೈಲಿನ ಜಿಲ್ಲಾ ಜೈಲು. ದೀರ್ಘ ಶಿಕ್ಷೆಯಾದರೆ ಕಣ್ಣೂರು. 1869ರಲ್ಲಿ ಆದ ಕಣ್ಣೂರಿನ ಸೆಂಟ್ರಲ್ ಜೈಲೇ ನಮಗೆ ಸೆಂಟ್ರಲ್ ಜೈಲು. ನಮ್ಮ ಅಜ್ಜಂದಿರು 'ಕಣ್ಣೂರಿಗೆ ಹೋದ' ಎಂದರೆ ಮಗ್ಗದ ಬಟ್ಟೆ ತರಲು ಹೋದ ಎಂದು ಯಾರೂ ತಿಳಿಯುತ್ತಿರಲಿಲ್ಲ.

ಕಯ್ಯೂರಿನ ಪ್ರಕರಣ ಇದಕ್ಕೆ ಸಾಕ್ಷಿ. ನಿರಂಜನರ 'ಚಿರಸ್ಮರಣೆ' ಓದಿದವರಿಗೆ ಗೊತ್ತುಂಟು. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿ. 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆಯ ನಡುವೆ ಒಬ್ಬ ಪೊಲೀಸ್ ಹೊಳೆಯಲ್ಲಿ ಸತ್ತ. ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. ನಾಲ್ವರು ರೈತ ಯುವಕರನ್ನು ಗಲ್ಲಿಗೇರಿಸಿದ್ದು ಕಣ್ಣೂರು ಜೈಲಿನಲ್ಲಿ, 1943ರ ಮಾರ್ಚ್ 29ರಂದು. ಐದನೆಯವನಿಗೆ ವಯಸ್ಸು ಸಾಲದೆ ಜೀವ ಉಳಿಯಿತು. ಅದೇ ಮಾರ್ಚ್ ತಿಂಗಳಲ್ಲಿ, ಇನ್ನೂ ಮೂರು ವಾರ ಮೊದಲು, ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಶಿಕಾರಿಪುರ ತಾಲೂಕಿನ ಈಸೂರಿನ ಐವರನ್ನು ಗಲ್ಲಿಗೇರಿಸಿದ್ದರು. ಒಂದು ಮದ್ರಾಸು ಸರಕಾರದ ಜೈಲು, ಇನ್ನೊಂದು ಮೈಸೂರು ಮಹಾರಾಜರ ಸರಕಾರದ ಜೈಲು. ಮ್ಯಾನುಯೆಲ್ ಬೇರೆ ಬೇರೆ, ಹಗ್ಗ ಒಂದೇ.

1956ರ ನವೆಂಬರ್ 1ರಂದು ಗಡಿಗಳು ಬದಲಾದವು. ಕಾಸರಗೋಡು ಆಚೆ ಹೋಯಿತು, ಕಣ್ಣೂರು ಹೇಗೂ ಕೇರಳದ್ದಾಯಿತು. ಇಲ್ಲಿಯ ಶಿಕ್ಷಾಬಂದಿಗಳ ದಾರಿ ತೆಂಕಣದಿಂದ ಮೂಡಣಕ್ಕೆ ತಿರುಗಿ, ಘಟ್ಟ ಹತ್ತಿ ಮೈಸೂರಿನ ಕಡೆಗಾಯಿತು. ರಾಜ್ಯ ಒಂದಾದರೂ ಜೈಲಿನ ಕಾನೂನು ಒಂದಾಗಲು ಕಾಲ ಹಿಡಿಯಿತು. ಮೈಸೂರು ಬಂದೀಖಾನೆಗಳ ಕಾಯಿದೆ ಬಂದದ್ದು 1963ರಲ್ಲಿ. ಈಗ ಅದನ್ನು ಕರ್ನಾಟಕ ಬಂದೀಖಾನೆಗಳ ಕಾಯಿದೆ ಎನ್ನುತ್ತೇವೆ. ನಿಯಮಗಳು ಬಂದದ್ದು 1974ರಲ್ಲಿ. ಮ್ಯಾನುಯೆಲ್ ಬಂದದ್ದು 1978ರಲ್ಲಿ. ಏಕೀಕರಣವಾಗಿ 22 ವರ್ಷ! ಶಾಲೆಯ ಪಠ್ಯಪುಸ್ತಕ, ಬಸ್ಸಿನ ಟಿಕೆಟ್ಟು, ಕಂದಾಯದ ರಸೀದಿ ಎಲ್ಲ ಅದಕ್ಕಿಂತ ಬೇಗ ಒಂದಾದವು. ಕೈದಿಗೆ ಮತ ಹಾಕುವ ಹಕ್ಕಿಲ್ಲ, ವಿಧಾನಸಭೆಯಲ್ಲಿ ಅವನ ಪರ ಮಾತನಾಡಿದರೆ ಯಾರಿಗೂ ಲಾಭವಿಲ್ಲ. ತಡವಾದದ್ದಕ್ಕೆ ನನಗೆ ತೋಚುವ ಕಾರಣ ಇದೇ. ಮತ್ತೆ, 1963ರ ಕಾಯಿದೆಯನ್ನು 1894ರದ್ದರ ಪಕ್ಕದಲ್ಲಿಟ್ಟು ಓದಿದರೆ ಹೆಸರು ಹೊಸದು, ಒಳಗಿನದ್ದು ಬಹುಪಾಲು ಹಳೆಯದೇ.

ಮ್ಯಾನುಯೆಲ್ ಎಂದರೇನು ಎಂದು ಮಕ್ಕಳು ಕೇಳಬಹುದು. ಬೆಳಿಗ್ಗೆ ಬೀಗ ತೆಗೆಯುವುದರಿಂದ ರಾತ್ರಿ ತಲೆ ಎಣಿಸಿ ಬೀಗ ಹಾಕುವ ತನಕ ಏನೇನು ಮಾಡಬೇಕು, ಯಾರಿಗೆ ಎಷ್ಟು ಗ್ರಾಂ ಅಕ್ಕಿ, ಬೇಳೆ, ಎಣ್ಣೆ, ಯಾವ ಪುಸ್ತಕದಲ್ಲಿ ಏನು ಬರೆಯಬೇಕು, ಎಲ್ಲ ಅದರಲ್ಲಿ ಉಂಟು. ದೇಶದ ಕೆಲವು ರಾಜ್ಯಗಳ ಹಳೆ ಮ್ಯಾನುಯೆಲ್‌ಗಳಲ್ಲಿ ಅಡುಗೆ ಯಾವ ಜಾತಿಯವನು ಮಾಡಬೇಕು, ಕಸ ಗುಡಿಸುವುದು ಯಾರು ಎಂಬುದೂ ಇತ್ತು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 2024ರ ಅಕ್ಟೋಬರ್ 3ರಂದು ಕೋರ್ಟು ಅಂಥ ನಿಯಮಗಳನ್ನೆಲ್ಲ ರದ್ದು ಮಾಡಿತು. ನಮ್ಮ ಸಂವಿಧಾನಕ್ಕೆ ಆಗ 75 ತುಂಬುವ ಕಾಲ.

ಇನ್ನು ನನ್ನ ಮೇಜಿನ ಕೆಲಸ. ಊರಿಗೆ ಬಂದಾಗಲೆಲ್ಲ ನನ್ನನ್ನು ಕಟ್ಟೆಯಲ್ಲಿ ಕೂರಿಸಿ ಕೇಳುವ ಪ್ರಶ್ನೆ ಒಂದೇ. 'ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಅಂತೆ ಹೌದಾ ಮಾರಾಯ್ರೆ? 14 ವರ್ಷ ಎಂದರೆ ಏಳೇ ವರ್ಷವಂತೆ?' ಖಂಡಿತ ಅಲ್ಲ. ದಿನ ಎಂದರೆ 24 ಗಂಟೆಯೇ. ಜೀವಾವಧಿ ಎಂದರೆ 14 ವರ್ಷವೂ ಅಲ್ಲ, 20 ವರ್ಷವೂ ಅಲ್ಲ, ಜೀವ ಇರುವ ತನಕ. ಗೋಪಾಲ ಗೋಡ್ಸೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1961ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. 14 ಎಂಬ ಲೆಕ್ಕ ಬಂದದ್ದು ಆಮೇಲೆ. 1978ರಲ್ಲಿ ಸೇರಿಸಿದ ಒಂದು ಕಲಮಿನಂತೆ, ಮರಣದಂಡನೆಗೂ ಅರ್ಹವಾದ ಅಪರಾಧಕ್ಕೆ ಜೀವಾವಧಿ ಆದವನನ್ನು ಸರಕಾರ ಅವಧಿಗೆ ಮುನ್ನ ಬಿಡಬೇಕೆಂದರೂ ಕನಿಷ್ಠ 14 ವರ್ಷ ಅವನು ಒಳಗೆ ಕಳೆದಿರಲೇಬೇಕು. 14 ಆದ ಕೂಡಲೇ ಬಿಡಬೇಕೆಂದು ಅದರ ಅರ್ಥವಲ್ಲ, ಅರ್ಜಿ ನೋಡಬಹುದು ಎಂದಷ್ಟೇ.

ಉಳಿದವರ ಲೆಕ್ಕ ಹೀಗೆ. ಕೋರ್ಟಿನಿಂದ ವಾರಂಟು ಬರುತ್ತದೆ. ಮೂರು ವರ್ಷ ಸಜಾ ಎಂದುಕೊಳ್ಳಿ. ತೀರ್ಪಿಗೆ ಮೊದಲು ಏಳು ತಿಂಗಳು ಒಳಗಿದ್ದರೆ ಅದನ್ನು ಕಳೆಯಬೇಕು, ಉಳಿದದ್ದು ಎರಡು ವರ್ಷ ಐದು ತಿಂಗಳು. ಒಳ್ಳೆಯ ನಡತೆಗೆ, ಮಾಡಿದ ಕೆಲಸಕ್ಕೆ ಸಿಗುವ ಮಾಫಿಯ ದಿನಗಳನ್ನು ಅದರಿಂದ ಕಳೆಯಬೇಕು. ದಂಡ ಕಟ್ಟದಿದ್ದರೆ ಅದಕ್ಕೆ ಬದಲಿನ ಸಜೆಯನ್ನು ಕೂಡಿಸಬೇಕು. ಪೆರೋಲಿಗೆ ಹೋದ ದಿನಗಳದ್ದು ಬೇರೆ ಲೆಕ್ಕ. ಎರಡು ಕೇಸಿದ್ದರೆ ಶಿಕ್ಷೆ ಒಟ್ಟಿಗೆ ನಡೆಯುವುದೋ ಒಂದರ ಹಿಂದೆ ಒಂದೋ ಎಂದು ನೋಡಬೇಕು. ವಾರಂಟಿನಲ್ಲಿ ಬಂಧನದ ತಾರೀಕು ಬರೆಯದೆ ಬಿಟ್ಟಿದ್ದರೆ ಕೋರ್ಟಿಗೆ ಪತ್ರ ಬರೆದು, ಉತ್ತರ ಬರುವ ತನಕ ಕಾಯಬೇಕು. ಆ ಕೈದಿಗೆ ಅಷ್ಟೂ ದಿನ ತನ್ನ ಬಿಡುಗಡೆಯ ತಾರೀಕೇ ಗೊತ್ತಿರುವುದಿಲ್ಲ. ಗಣಿತದಲ್ಲಿ ನನಗೆ ಈ ಶಾಲೆಯಲ್ಲಿ ಕಲಿಸಿದ್ದು ಕೂಡು ಕಳೆ ಮಾತ್ರವಲ್ಲ, ಎರಡು ಸಲ ತಾಳೆ ನೋಡುವುದನ್ನು. ಉಳಿದ ಕಚೇರಿಗಳಲ್ಲಿ ಲೆಕ್ಕ ತಪ್ಪಿದರೆ ಆಡಿಟ್ ಆಕ್ಷೇಪ ಬರುತ್ತದೆ. ಇಲ್ಲಿ ಒಂದು ದಿನ ತಪ್ಪಿದರೆ ಒಬ್ಬ ಮನುಷ್ಯ ಒಂದು ದಿನ ಸುಮ್ಮನೆ ಒಳಗಿರುತ್ತಾನೆ.

ನಮ್ಮ ಇಲಾಖೆಯ ಹೆಸರು ಎಲ್ಲರಿಗೂ ಗೊತ್ತಾದದ್ದು ತುರ್ತು ಪರಿಸ್ಥಿತಿಯಲ್ಲಿ. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಅಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಅದೇ ಜೈಲಿನಲ್ಲಿ 'ಸಂಸ್ಕಾರ' ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಇದ್ದರು. ಉಬ್ಬಸದ ಕಾಯಿಲೆ ಅವರಿಗೆ. 1977ರ ಜನವರಿಯಲ್ಲಿ ಪೆರೋಲಿನಲ್ಲಿ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಮುಂದೆ ಪ್ರಧಾನಿಗಳು, ಮುಖ್ಯಮಂತ್ರಿಗಳು ಆದವರು ಒಳಗಿದ್ದು ಬಂದರಲ್ಲ, ಇನ್ನು ಜೈಲಿನ ಕಾನೂನು ಬದಲಾದೀತು ಎಂದು ಬಹಳ ಮಂದಿ ನಂಬಿದ್ದರು. ನ್ಯಾಯಮೂರ್ತಿ ಮುಲ್ಲಾ ಅವರ ಸಮಿತಿ 1980ರಲ್ಲಿ ನೇಮಕವಾಗಿ 1983ರಲ್ಲಿ ವರದಿ ಕೊಟ್ಟಿತು. ಬಂದೀಖಾನೆಗಳಿಗೆ ಅಖಿಲ ಭಾರತ ಮಟ್ಟದ ಒಂದು ಸೇವೆ ಬೇಕೆಂದಿತು. ಅದು ಇಂದಿಗೂ ಆಗಿಲ್ಲ.

ದೊಡ್ಡವರಿಂದ ಆಗದ್ದು ಒಂದು ಕಾಗದದಿಂದ ಆಯಿತು. 1984ರಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಿಂದ ರಾಮಮೂರ್ತಿ ಎಂಬ ಕೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದ. ದುಡಿದ ಕೂಲಿ ಸರಿಯಾಗಿ ಸಿಗುವುದಿಲ್ಲ, ಊಟ ತಿನ್ನುವಂತಿಲ್ಲ, ಹಿಂಸೆ ಉಂಟು, ಇಷ್ಟೇ ಅದರ ಸಾರ. ಕೋರ್ಟು ಅದನ್ನೇ ಅರ್ಜಿ ಎಂದು ಎತ್ತಿಕೊಂಡಿತು, ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರನ್ನು ಜೈಲಿಗೆ ಕಳಿಸಿ ವರದಿ ತರಿಸಿತು. ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ. ಹನ್ನೆರಡು ವರ್ಷ! ಆದರೆ ಒಳ್ಳೆಯ ತೀರ್ಪು. ಇಡೀ ದೇಶದ ಜೈಲುಗಳ ಒಂಬತ್ತು ರೋಗಗಳನ್ನು ಅದು ಹೆಸರಿಟ್ಟು ಹೇಳಿತು. ಜಾಗ ಸಾಲದಿರುವುದು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಕಳಪೆ ಊಟ ಬಟ್ಟೆ, ಒಳಗಿನ ದುಶ್ಚಟಗಳು, ಕಾಗದ ಮತ್ತು ಭೇಟಿಯ ತೊಂದರೆ, ಬಯಲು ಬಂದೀಖಾನೆಗಳ ನಿರ್ವಹಣೆ ಎಲ್ಲವೂ ಅದರಲ್ಲಿ ಬಂತು. 1894ರ ಕಾಯಿದೆಯನ್ನು ತೆಗೆದು ಹೊಸದು ಮಾಡಿ ಎಂದೂ ಹೇಳಿತು. ಕೇಂದ್ರ ಗೃಹ ಸಚಿವಾಲಯ ಮಾದರಿ ಕಾಯಿದೆ ಸಿದ್ಧಪಡಿಸಿ ರಾಜ್ಯಗಳಿಗೆ ಕಳಿಸಿದ್ದು 2023ರಲ್ಲಿ. ಮಾದರಿ ಮಾತ್ರ, ಏಕೆಂದರೆ ಮೊದಲೇ ಹೇಳಿದೆನಲ್ಲ, ವಿಷಯ ರಾಜ್ಯದ್ದು. ನಮ್ಮ ರಾಜ್ಯ 2021ರಲ್ಲಿ ಹೊಸ ಮ್ಯಾನುಯೆಲ್ ಮಾಡಿಕೊಂಡಿದೆ. ಇಲಾಖೆಯ ಹೆಸರೂ ಈಗ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ.

ಬೆಂಗಳೂರಿನ ಆ ಹಳೆ ಜೈಲನ್ನು 2000ದಲ್ಲಿ ಖಾಲಿ ಮಾಡಿ ಪರಪ್ಪನ ಅಗ್ರಹಾರಕ್ಕೆ ಹೋದರು. ಹಳೆ ಜಾಗ ಈಗ ಫ್ರೀಡಂ ಪಾರ್ಕ್. ನೀವು ಬೆಂಗಳೂರಿಗೆ ಪ್ರವಾಸ ಹೋದರೆ ನೋಡಿ, ನಡುವಿನ ಕಾವಲು ಗೋಪುರ ಹಾಗೇ ಉಂಟು. ಒಳ್ಳೆಯದೂ ಆಗಿದೆ, ಆಗಿಲ್ಲ ಎನ್ನಬಾರದು. ದೇವನಹಳ್ಳಿಯ ಹತ್ತಿರ ಕೋರಮಂಗಲದಲ್ಲಿ ಎತ್ತರದ ಗೋಡೆಯಿಲ್ಲದ ಬಯಲು ಬಂದೀಖಾನೆ ಇದೆ, ಕೈದಿಗಳು ಅಲ್ಲಿ ಬೇಸಾಯ ಮಾಡುತ್ತಾರೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಮೈಸೂರಿನ ಜೈಲಿನ ಕೈದಿಗಳಿಗೆ ನಾಟಕ ಕಲಿಸಿ ಹೊರಗಿನ ರಂಗಮಂದಿರಗಳಿಗೇ ಕರೆತಂದರು. ತಾಯಿಯ ಜೊತೆ ಒಳಗೆ ಬಂದ ಮಗುವನ್ನು ಆರು ವರ್ಷದ ತನಕ ಇಟ್ಟುಕೊಳ್ಳಬಹುದು, ಅದಕ್ಕೆ ಹಾಲು, ಆಟ, ಪಾಠ ಕೊಡಬೇಕು ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಅದೂ ಸ್ವಲ್ಪ ಸರಿಯಾಯಿತು.

ಈಗ ನನಗೆ ನಿಜಕ್ಕೂ ಹೇಳಬೇಕೆನಿಸಿದ ವಿಷಯ. ಜೈಲಿನಲ್ಲಿರುವವರು ಯಾರು? ಅಪರಾಧ ಸಾಬೀತಾದವರು ಎಂದು ನೀವು ತಿಳಿದಿದ್ದೀರಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ, ಇದ್ದ ಜಾಗ 4,36,266 ಮಂದಿಗೆ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ 75ಕ್ಕೂ ಹೆಚ್ಚು ಮಂದಿಯ ಮೇಲೆ ಇನ್ನೂ ತೀರ್ಪೇ ಆಗಿಲ್ಲ. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. ಅವರಲ್ಲಿ ಎಷ್ಟೋ ಮಂದಿಗೆ ಜಾಮೀನು ಮಂಜೂರಾಗಿರುತ್ತದೆ, ಹೊರಗೆ ಬರಲು ಜನ ಇರುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಜೈಲಿನಲ್ಲಿ ನಮ್ಮ ಈ ಕಡೆಯವನೇ ಒಬ್ಬನಿದ್ದ. ಅಡಿಕೆ ಮರ ಹತ್ತಿ ಕೊನೆ ತೆಗೆಯುವ ಕೆಲಸ. ಒಂದು ಸಣ್ಣ ಕಳವಿನ ಕೇಸು. ಜಾಮೀನು ಸಿಕ್ಕಿತು. ಆರ್‌ಟಿಸಿ ಇರುವ ಜಾಮೀನುದಾರ ಬೇಕು. ಅವನ ಹೆಸರಿನಲ್ಲಿ ಒಂದು ಸೆಂಟ್ಸ್ ಜಾಗವಿಲ್ಲ. ಹೆಂಡತಿಯ ಅಣ್ಣ ಬಂದ, ಅವನಿಗೆ ಜಾಗ ಉಂಟು, ಆದರೆ ಗಡಿಯ ಆಚೆ. ನಮಗಿಲ್ಲಿ ಹೆಣ್ಣು ಕೊಟ್ಟು ತರುವುದಕ್ಕೆ ಗಡಿ ಇಲ್ಲ, ಭೂತದ ಕೋಲಕ್ಕೆ ಹೋಗುವುದಕ್ಕೂ ಇಲ್ಲ. ಜಾಮೀನಿಗೆ ಬಂತು. ಹೊರ ರಾಜ್ಯದ ದಾಖಲೆ ಎಂದು ಒಪ್ಪಲಿಲ್ಲ. ಅವನು ನನ್ನ ಹತ್ತಿರ ತುಳುವಿನಲ್ಲಿ ಮಾತನಾಡಬಹುದೆಂದು ಗೊತ್ತಾದ ಮೇಲೆ ಕಂಡಾಗಲೆಲ್ಲ ಒಂದೇ ಪ್ರಶ್ನೆ, ಕೊಯ್ಲು ಮುಗಿಯುವುದರೊಳಗೆ ಹೋಗಬಹುದಾ ಎಂದು. ಕೊಯ್ಲು ಮುಗಿಯಿತು. ಮಳೆಗಾಲ ಬಂತು. ಕೊನೆಗೆ ಕೇಸೇ ನಿಲ್ಲದೆ ಖುಲಾಸೆಯಾಗಿ ಹೋದ. ಗೇಟಿನಲ್ಲಿ ಅವನ ಹಳೆ ಲುಂಗಿ, ಅಂಗಿ, ಬಸ್ಸಿನ ಚಾರ್ಜು ಕೊಟ್ಟು ಸಹಿ ತೆಗೆದುಕೊಂಡರು. ಆ ತಿಂಗಳುಗಳ ಕೂಲಿಗೆ ಯಾವ ರಿಜಿಸ್ಟರಿನಲ್ಲೂ ಕಲಮು ಇರಲಿಲ್ಲ.

ವಿಚಿತ್ರವೆಂದರೆ, ಇದೇ ವಿಷಯದಲ್ಲಿ 1978ರಷ್ಟು ಹಿಂದೆಯೇ ಸುಪ್ರೀಂ ಕೋರ್ಟಿನ ತೀರ್ಪು ಉಂಟು. ಮೋತಿರಾಮ್ ಎಂಬ ಮಧ್ಯಪ್ರದೇಶದ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದು ಸರಿಯಲ್ಲ ಎಂದರು. ಬೇರೆ ಜಿಲ್ಲೆ, ಬೇರೆ ರಾಜ್ಯ ಎಂಬ ಒಂದೇ ಕಾರಣಕ್ಕೆ ಜಾಮೀನುದಾರನನ್ನು ಬೇಡವೆನ್ನುವಂತಿಲ್ಲ, ಬಡವನ ಶಕ್ತಿ ಮೀರಿ ಹಣ ಕೇಳುವಂತಿಲ್ಲ. ತಲಶೇರಿಯಲ್ಲಿ ವಕೀಲಿ ಮಾಡಿದವರು ಅವರು, ಗಡಿಯ ಜನರ ಕಷ್ಟ ಅವರಿಗೆ ಗೊತ್ತಿದ್ದಿರಬೇಕು. ನಮ್ಮ ಕೊನೆ ತೆಗೆಯುವವನಿಗೆ ಈ ತೀರ್ಪನ್ನು ಹೇಳುವವರು ಯಾರೂ ಇರಲಿಲ್ಲ.

ಆಡಳಿತದ ಇನ್ನೊಂದು ಬದಲಾವಣೆಯೂ ಇಂಥವರಿಗೆ ಪೆಟ್ಟು ಕೊಟ್ಟಿತು. ತಹಶೀಲ್ದಾರರ ಕೈಯಲ್ಲಿದ್ದ ತಾಲೂಕು ಸಬ್‌ಜೈಲುಗಳು ಒಂದೊಂದಾಗಿ ಮುಚ್ಚಿದವು. ಅವು ಚೆನ್ನಾಗಿದ್ದವು ಎಂದು ನಾನು ಹೇಳುವುದಿಲ್ಲ. ಕತ್ತಲೆ ಕೋಣೆ, ಕೆಟ್ಟ ಕಕ್ಕಸು, ಜೈಲಿನ ತರಬೇತಿ ಇಲ್ಲದ ಕಾವಲು. ಮುಚ್ಚಿದ್ದು ಸರಿ. ಆದರೆ ಅಲ್ಲಿದ್ದಾಗ ಹೆಂಡತಿ ಸಂತೆಗೆ ಬಂದವಳು ಮುಖ ನೋಡಿ ಹೋಗುತ್ತಿದ್ದಳು, ವಕೀಲರು ಕೋರ್ಟಿನಿಂದ ನಡೆದು ಬರುತ್ತಿದ್ದರು. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಯಾವ ಕಡೆಯವನಾದರೂ ಮಂಗಳೂರಿಗೆ. ಬೆಳ್ತಂಗಡಿಯ ಮಲೆಯ ಬುಡದಿಂದ ಕೋಡಿಯಾಲಬೈಲಿಗೆ ಬಂದು, ಹೆಸರು ಬರೆಸಿ, ಸರದಿ ಕಾದು, ಕೆಲವು ನಿಮಿಷ ಮಾತನಾಡಿ ಹಿಂದೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಆ ಜೈಲು ಈಗ ಊರ ನಡುವೆ ಸಿಕ್ಕಿಕೊಂಡಿದೆ, ಬೆಳೆಯಲು ಜಾಗವಿಲ್ಲ. ನಮ್ಮಿಂದ ಅಷ್ಟೇನೂ ದೂರವಲ್ಲದ ಮುಡಿಪಿನಲ್ಲಿ ಹೊಸ ಜೈಲು ಕಟ್ಟುತ್ತಿದ್ದಾರೆ. ಕಟ್ಟಡ ದೊಡ್ಡದಾಗುತ್ತದೆ, ಸಂತೋಷ. ಬೆಳ್ತಂಗಡಿಯಿಂದ ನೇರ ಬಸ್ಸು ಉಂಟೇ ಎಂದು ನಕ್ಷೆ ಮಾಡುವವರು ಕೇಳಿಕೊಂಡರೆ ಇನ್ನೂ ಸಂತೋಷ.

ಕೊನೆಗೆ ಕೆಲವು ವಿಷಯ ಬರೆದುಕೊಳ್ಳಿ, ಮುಖ್ಯವಾಗಿ ದೊಡ್ಡ ಮಕ್ಕಳು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು: ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಆರೋಪದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ, ಉಳಿದವರು ಅರ್ಧ ಕಳೆದರೆ, ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದು ಇಲ್ಲ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೂ ಇಲ್ಲ. ಕೋರ್ಟಿಗೆ ಅರ್ಜಿ ಬರೆಯಬೇಕಾದ್ದು ಜೈಲಿನ ಸೂಪರಿಂಟೆಂಡೆಂಟರೇ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ಜಾಮೀನು ಸಿಕ್ಕಿ ಏಳು ದಿನದಲ್ಲಿ ಒಬ್ಬ ಹೊರಬಾರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಹಣವಿಲ್ಲದೆ ಒಳಗಿರುವವರಿಗೆ 2023ರಿಂದ ಕೇಂದ್ರದ ಯೋಜನೆ ಉಂಟು, ಶುರುವಾದಾಗ ಅದು ಜಾಮೀನಿಗೆ 40,000 ರೂಪಾಯಿ ತನಕ, ದಂಡಕ್ಕೆ 25,000 ರೂಪಾಯಿ ತನಕ ಇತ್ತು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಫೋನ್ ನಂಬರು 15100. ಮನೆಯಲ್ಲಿ, ಕಟ್ಟೆಯಲ್ಲಿ, ಅಡಿಕೆ ಸುಲಿಯುವಲ್ಲಿ ಯಾರಾದರೂ ಇಂಥ ಮಾತು ತೆಗೆದರೆ ಈ ನಂಬರು ಹೇಳಿ.

ಪ್ರಶ್ನೆ ಇದ್ದವರು ಊಟದ ಚಪ್ಪರದಲ್ಲಿ ಹಿಡಿಯಿರಿ, ನಾನು ಸಂಜೆಯ ತನಕ ಇಲ್ಲೇ ಇರುತ್ತೇನೆ.